ಪುಸ್ತಕ ಹೇಳಿದ ಎಣ್ಣೆಯೋ, ಮಿಸ್ತ್ರಿ ಹೇಳಿದ ಎಣ್ಣೆಯೋ?



'ಘರ್ಷಣೆ' ಪಾಠ ಮಾಡುವಾಗ ನಾನು ಪ್ರತಿವರ್ಷ ಒಂದೇ ಉದಾಹರಣೆ ಕೊಡುತ್ತಿದ್ದೆ. ಬಾಗಿಲಿನ ಬಿಜಾಗರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಕಿರ್ ಅನ್ನೋ ಸದ್ದು ನಿಲ್ಲುತ್ತೆ, ಯಾಕೆ ಹೇಳಿ ಅಂತ. ಹೋದ ವರ್ಷ ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತು, "ಸರ್, ಎಣ್ಣಿ ಹಾಕಬೇಕು ಅನ್ನೂದು ಎಲ್ಲಾರಿಗೂ ಗೊತ್ತೈತ್ರಿ. ಯಾವ ಎಣ್ಣಿ ಹಾಕಬೇಕು ಅನ್ನೂದು ಹೇಳ್ರಿ. ನಮ್ಮ ಮನ್ಯಾಗ ಅದಕ್ಕ ಜಗಳ ನಡದೈತಿ" ಅಂದ.

ಅವನ ಅಪ್ಪ ಹಾಲಿನ ವ್ಯಾಪಾರ ಮಾಡುತ್ತಾರೆ. 100 ಸಿಸಿ ಗಾಡಿಯ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಳ್ಳಿಯಿಂದ ಅಕ್ಕಲಕೋಟೆಗೆ ಹೋಗಿ ಬರಬೇಕು. ಹಿಂದಿನ ಬೇಸಿಗೆಯಲ್ಲಿ ನಡುದಾರಿಯಲ್ಲೇ ಎಂಜಿನ್ ಜಾಮ್ ಆಯಿತು. ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್, ರಿಂಗು, ಗ್ಯಾಸ್ಕೆಟ್ ಹಾಕಿಸುವಷ್ಟರಲ್ಲಿ ಎಮ್ಮೆಗೆ ಹಿಂಡಿ ತರಲು ಇಟ್ಟಿದ್ದ ದುಡ್ಡೆಲ್ಲ ಹೋಯಿತು. ಗ್ಯಾರೇಜಿನ ಮಿಸ್ತ್ರಿ ಹೇಳಿದ್ದು ಹೀಗೆ: "ಕಂಪನಿ ಪುಸ್ತಕದಾಗ ಬರದ 10ಡಬ್ಲ್ಯು-30 ಎಣ್ಣಿ ನೀರಿದ್ದಂಗ ಇರ್ತೈತಿ. ಅವ್ರು ಎಲ್ಲೋ ತಂಪಿನ ಊರಾಗ ಕುಂತ ಬರೀತಾರ. ನಮ್ಮ ಬಿಸಿಲಿಗೆ 20ಡಬ್ಲ್ಯು-40 ಹಾಕ್ರಿ." ಹುಡುಗನ ಕಾಕಾ ಮಾತ್ರ, "ಗಾಡಿ ಮಾಡಿದವರಿಗಿಂತ ಇವಗ ಹೆಚ್ಚಿಗಿ ತಿಳಿತೈತೇನು?" ಅನ್ನುತ್ತಿದ್ದರು.

ನನಗೂ ಆವತ್ತು ಉತ್ತರ ಗೊತ್ತಿರಲಿಲ್ಲ. ಪುಸ್ತಕ ತಗೊಂಡು ಬಾ ಅಂದೆ. ಗಾಡಿ ಪೂಜೆಯ ದಿನದ ಅರಿಷಿಣ-ಕುಂಕುಮ ಹತ್ತಿದ ಆ ಕೈಪಿಡಿ ಟ್ರಂಕಿನ ತಳದಿಂದ ಮರುದಿನ ಶಾಲೆಗೆ ಬಂತು. ಅದನ್ನು ಯಾರೂ ತೆರೆದಿರಲೇ ಇಲ್ಲ, ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಜಗಳ ಮಾತ್ರ ವರ್ಷದಿಂದ ನಡೆದಿತ್ತು!

ಮೊದಲು ಆ ಅಂಕಿಗಳ ಅರ್ಥ ತಿಳಿಯೋಣ. ದ್ರವ ಹರಿಯುವಾಗ ಅದರೊಳಗೇ ಒಂದು ಪದರ ಇನ್ನೊಂದು ಪದರವನ್ನು ತಡೆಯುತ್ತದೆ. ಈ ಗುಣಕ್ಕೆ ಸ್ನಿಗ್ಧತೆ ಅನ್ನುತ್ತೇವೆ. ಕಾಕಂಬಿಗೆ ಹೆಚ್ಚು, ನೀರಿಗೆ ಕಡಿಮೆ. ಎಂಜಿನ್ ಎಣ್ಣೆಯ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ. 20 ಡಿಗ್ರಿಯ ನೀರಿನದು ಸುಮಾರು 1. ಡಬ್ಬದ ಮೇಲಿನ 30, 40 ಎಂಬ ಅಂಕಿಗಳು ಸೆಂಟಿಸ್ಟೋಕ್ ಅಲ್ಲ, ಎಸ್‌ಎಇ ಎಂಬ ಸಂಸ್ಥೆ ಮಾಡಿದ ದರ್ಜೆಗಳು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ 9.3ರಿಂದ 12.5ರ ಒಳಗಿದ್ದರೆ ಅದು 30ನೇ ದರ್ಜೆ. 12.5ರಿಂದ 16.3ರ ಒಳಗಿದ್ದರೆ 40. ಇನ್ನು ಡಬ್ಲ್ಯು ಅಂದರೆ ಚಳಿಗಾಲ, ಇಂಗ್ಲಿಷಿನ 'ವಿಂಟರ್' ಪದದ ಮೊದಲ ಅಕ್ಷರ. ಕೊರೆಯುವ ಚಳಿಯಲ್ಲಿ ಎಂಜಿನ್ ತಿರುಗಲು ಎಣ್ಣೆ ಎಷ್ಟು ಬಿಡುತ್ತೆ ಅನ್ನೋ ಪರೀಕ್ಷೆಯ ಅಂಕಿ ಅದು. 10ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗೆ, 20ಡಬ್ಲ್ಯು ಎಣ್ಣೆಯನ್ನು 15 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಅಕ್ಕಲಕೋಟೆಯಲ್ಲಿ ಕೂತು ಈ ಸಾಲು ಬರೆಯುವಾಗ ನನಗೆ ನಗು ಬರುತ್ತಿದೆ. ಅಂಥ ಚಳಿ ನಮ್ಮಲ್ಲಿ ಎಲ್ಲಿಂದ ಬರಬೇಕು? ನೀಲಗಿರಿಯ ವಿದ್ಯಾರ್ಥಿಗಳು ಹುಲ್ಲಿನ ಮೇಲೆ ಹಿಮ ಕಂಡಿದ್ದಾರೆ, ಅವರಿಗೂ ಅಷ್ಟು ಚಳಿ ಇಲ್ಲ. ಆದರೂ ಡಬ್ಲ್ಯು ಮುಂದಿನ ಅಂಕಿ ಕಡಿಮೆ ಇದ್ದಷ್ಟೂ ಮುಂಜಾನೆ ತಣ್ಣಗಿನ ಎಂಜಿನ್‌ನಲ್ಲಿ ಎಣ್ಣೆ ಬೇಗ ಮೇಲೇರುತ್ತೆ ಅನ್ನೋದು ನಮ್ಮ ಊರಿಗೂ ನಿಜ.

ಬಿಸಿಯಾದಾಗ ಎಣ್ಣೆ ಎಷ್ಟು ತೆಳ್ಳಗಾಗುತ್ತೆ ಅಂತ ನೀವೇ ನೋಡಬಹುದು. ಎರಡು ಉದ್ದನೆಯ ಪ್ರನಾಳಗಳಿಗೆ ಮನೆಯ ಕುಸುಬಿ ಎಣ್ಣೆಯನ್ನು ಒಂದೇ ಮಟ್ಟಕ್ಕೆ ತುಂಬಿ. ಒಂದನ್ನು ತಣ್ಣೀರಿನ ಪಾತ್ರೆಯಲ್ಲಿ, ಇನ್ನೊಂದನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ. ಸೈಕಲ್ಲಿನ ಬೇರಿಂಗಿನ ಚಿಕ್ಕ ಗುಂಡನ್ನು ಎರಡರಲ್ಲೂ ಬಿಟ್ಟು, ತಳ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಎಣಿಸಿ. ಎಂಜಿನ್ ಎಣ್ಣೆಯನ್ನು ಮಾತ್ರ ಒಲೆಯ ಮೇಲೆ ಕಾಯಿಸಲು ಹೋಗಬೇಡಿ, ಬೆಂಕಿ ಹತ್ತುತ್ತದೆ.

ಈಗ ಮುಖ್ಯ ಪ್ರಶ್ನೆ. ತೆಳ್ಳಗಿನ ಎಣ್ಣೆ ನಿಜಕ್ಕೂ ಎಂಜಿನ್ ಕಾಪಾಡುತ್ತದೆಯೇ? ಇದಕ್ಕೆ 1883ರ ಇಂಗ್ಲೆಂಡಿಗೆ ಒಮ್ಮೆ ಹೋಗಿ ಬರಬೇಕು. ಬೋಶಾಂ ಟವರ್ ಎಂಬ ಎಂಜಿನಿಯರು ರೈಲು ಗಾಲಿಯ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿ ತಿರುಗುತ್ತಿತ್ತು, ಮೇಲೆ ಭಾರ ಹೊತ್ತ ಹಿತ್ತಾಳೆಯ ಬೇರಿಂಗ್ ಕೂತಿತ್ತು. ಮೇಲಿನಿಂದ ಎಣ್ಣೆ ಬಿಡಲು ಅವರು ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆದರು. ಗಾಡಿ ತಿರುಗಿಸಿದರೆ, ಎಣ್ಣೆ ಆ ತೂತಿನಿಂದ ಒಳಗೆ ಹೋಗುವ ಬದಲು ಹೊರಗೇ ಉಕ್ಕಿ ಬಂತು! ಬೂಚು ಹಾಕಿದರು. ಬೂಚನ್ನು ಎಣ್ಣೆ ಮೇಲಕ್ಕೆ ತಳ್ಳಿತು. ಮರದ ಬೆಣೆ ಹೊಡೆದರು. ಅದನ್ನೂ ತಳ್ಳಿತು. ಒತ್ತಡ ಅಳೆಯುವ ಗಡಿಯಾರ ಜೋಡಿಸಿ ನೋಡಿದಾಗ, ಮೇಲಿನ ಭಾರದಿಂದ ಲೆಕ್ಕ ಹಾಕಿದ ಸರಾಸರಿ ಒತ್ತಡಕ್ಕಿಂತಲೂ ಹೆಚ್ಚಿನ ಒತ್ತಡ ಎಣ್ಣೆಯೊಳಗೆ ಇತ್ತು.

ಅಂದರೆ ಆ ಭಾರವನ್ನು ಕಬ್ಬಿಣ ಹೊತ್ತಿರಲಿಲ್ಲ. ಕೂದಲಿಗಿಂತ ಎಷ್ಟೋ ತೆಳುವಾದ ಎಣ್ಣೆಯ ಪೊರೆ ಹೊತ್ತಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಇದಕ್ಕೆ ಗಣಿತ ಕೊಟ್ಟರು. ಚಲಿಸುವ ಲೋಹ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ, ಅಲ್ಲಿ ಎಣ್ಣೆ ಬೆಣೆಯಂತೆ ನುಗ್ಗಿ ಲೋಹವನ್ನು ಎತ್ತಿ ಹಿಡಿಯುತ್ತದೆ. ಪೊರೆ ಎಷ್ಟು ದಪ್ಪ ಇರುತ್ತೆ ಅನ್ನೋದನ್ನು ವೇಗ, ಸ್ನಿಗ್ಧತೆ, ಭಾರ ಈ ಮೂರೂ ಸೇರಿ ತೀರ್ಮಾನಿಸುತ್ತವೆ.

ನಿಮ್ಮ ಮನೆಯ ಗಾಡಿಯಲ್ಲಿ ಪಿಸ್ಟನ್ನು ಮತ್ತು ಬೋರಿನ ನಡುವೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಹಾಗಿದ್ದರೆ ದಪ್ಪ ಎಣ್ಣೆ ಹಾಕಿದಷ್ಟೂ ಒಳ್ಳೆಯದಲ್ಲವೇ ಅಂತ ಕೇಳಬಹುದು. ಪೊರೆ ದಪ್ಪಗಾಗುತ್ತೆ, ನಿಜ. ಆದರೆ ದಪ್ಪ ಎಣ್ಣೆಯನ್ನು ಕಲಕಲು ಎಂಜಿನ್ ತನ್ನ ಶಕ್ತಿಯನ್ನೇ ಖರ್ಚು ಮಾಡಬೇಕು, ಆ ಶಕ್ತಿ ಮತ್ತೆ ಬಿಸಿಯಾಗಿ ಎಣ್ಣೆಗೇ ಸೇರುತ್ತೆ. ಸಣ್ಣ ತೂತುಗಳಲ್ಲಿ ಅದು ನಿಧಾನವಾಗಿ ಹರಿಯುತ್ತೆ. ಬಿಸಿಯನ್ನು ಹೊತ್ತೊಯ್ಯುವುದೂ ಎಣ್ಣೆಯ ಕೆಲಸವೇ ಆದ್ದರಿಂದ ನಿಧಾನ ಹರಿದರೆ ಅದಕ್ಕೂ ತೊಂದರೆ. ಕಂಪನಿಯ ಎಂಜಿನಿಯರು ಸಂದಿಯ ಅಳತೆ, ಪಂಪಿನ ಶಕ್ತಿ, ತೂತಿನ ಅಗಲ ಎಲ್ಲವನ್ನೂ ಒಂದು ದರ್ಜೆಯ ಎಣ್ಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ಆ ಲೆಕ್ಕ ಮಿಸ್ತ್ರಿಯ ಹತ್ತಿರ ಇಲ್ಲ, ನನ್ನ ಹತ್ತಿರವೂ ಇಲ್ಲ.

ಆದರೆ ಮಿಸ್ತ್ರಿಯ ಮಾತನ್ನು ನಾನು ತಳ್ಳಿಹಾಕಲಿಲ್ಲ. ಲೆಕ್ಕ ಮಾಡಿ ನೋಡಿದೆ. ಸಾಮಾನ್ಯ 10ಡಬ್ಲ್ಯು-30 ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಯಲ್ಲಿ ಸುಮಾರು 10.5 ಇರುತ್ತೆ ಅನ್ನಿ. 110 ಡಿಗ್ರಿಗೆ ಏರಿದರೆ ಅದು 8.5ಕ್ಕೆ ಇಳಿಯುತ್ತೆ. ಅಂದರೆ ಹತ್ತು ಡಿಗ್ರಿಗೆ ಐದರಲ್ಲಿ ಒಂದು ಪಾಲು ಹೋಯಿತು. ನೀರಿನಿಂದ ತಂಪಾಗುವ ಕಾರಿನ ಎಂಜಿನ್‌ಗೆ ತನ್ನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟ್ಯಾಟ್ ಇರುತ್ತೆ, ಹೊರಗೆ 30 ಇರಲಿ 42 ಇರಲಿ ಅಷ್ಟು ವ್ಯತ್ಯಾಸ ಆಗದು. ಹಾಲಿನವರ ಗಾಡಿ ಗಾಳಿಯಿಂದ ತಂಪಾಗುವಂಥದು. ಹೊರಗಿನ ಗಾಳಿ ಹತ್ತು ಡಿಗ್ರಿ ಹೆಚ್ಚು ಬಿಸಿ ಇದ್ದರೆ ಎಣ್ಣೆಯೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಬಿಸಿಯಾಗುತ್ತದೆ. 40ನೇ ದರ್ಜೆಯ ಎಣ್ಣೆ 110 ಡಿಗ್ರಿಯಲ್ಲಿ ಎಷ್ಟು ಸ್ನಿಗ್ಧವೋ, 30ನೇ ದರ್ಜೆಯದು 100 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಸ್ನಿಗ್ಧ. ಮಿಸ್ತ್ರಿ ಪುಸ್ತಕ ಓದಿದವರಲ್ಲ, ಆದರೆ ಮೂವತ್ತು ಬೇಸಿಗೆ ಕಂಡ ಕೈ ಅದು. ಸುಮ್ಮನೆ ಹೇಳಿರಲಿಲ್ಲ.

ಅವರು ತಪ್ಪಿದ್ದು 'ತಂಪಿನ ಊರಾಗ ಕುಂತ ಬರೀತಾರ' ಅಂದದ್ದರಲ್ಲಿ. ನಮ್ಮ ದೇಶದಲ್ಲಿ ಮಾರುವ ಗಾಡಿಗಳು ಬಹುಪಾಲು ಇಲ್ಲೇ ತಯಾರಾಗುತ್ತವೆ. ಹೊಸೂರಿನ ವಿದ್ಯಾರ್ಥಿಗಳನ್ನು ಕೇಳಿ, ಟಿವಿಎಸ್ ಕಾರ್ಖಾನೆ ಅವರ ಊರಲ್ಲೇ ಇದೆ. ಬಜಾಜ್ ನಮ್ಮ ಪುಣೆಯದು. ಬಿಸಿಲು ಅವರಿಗೆ ಹೊಸದಲ್ಲ. ಹೊರಗಿನ ಗಾಳಿ ಇಷ್ಟು ಡಿಗ್ರಿಯಿಂದ ಇಷ್ಟು ಡಿಗ್ರಿವರೆಗೆ ಇದ್ದರೆ ಈ ದರ್ಜೆ ಹಾಕಿ ಅನ್ನೋ ಪಟ್ಟಿ ಎಷ್ಟೋ ಕೈಪಿಡಿಗಳಲ್ಲಿ ಇರುತ್ತದೆ. ಅಂಥ ಪಟ್ಟಿಯಲ್ಲಿ ಎರಡು ಮೂರು ದರ್ಜೆ ಇದ್ದರೆ ಬೇಸಿಗೆಗೆ ದಪ್ಪನೆಯದನ್ನು ಆರಿಸಿಕೊಳ್ಳಲು ಕಂಪನಿಯೇ ಒಪ್ಪಿಗೆ ಕೊಟ್ಟಂತೆ. ನಮ್ಮ ಹುಡುಗನ ಕೈಪಿಡಿಯಲ್ಲಿ ಮಾತ್ರ 10ಡಬ್ಲ್ಯು-30 ಒಂದೇ ಇತ್ತು.

ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಮಾತಿತ್ತು: 'ಜಾಸೊ ಎಂಎ'. ಇದರ ಬಗ್ಗೆ ಮನೆಯಲ್ಲಿ ಯಾರೂ ಜಗಳ ಮಾಡಿರಲಿಲ್ಲ, ಆದರೆ ನನ್ನ ಕೇಳಿದರೆ ಇಡೀ ಸಾಲಿನಲ್ಲಿ ಹೆಚ್ಚು ಬೆಲೆಬಾಳುವ ಮಾತು ಇದೇ. ಯಾಕೆಂದರೆ ಈ ವಿಷಯದಲ್ಲಿ ನಾನೇ ಕೈ ಸುಟ್ಟುಕೊಂಡವನು. ಹೊಸದಾಗಿ ನೌಕರಿಗೆ ಸೇರಿದಾಗ, ಗೆಳೆಯನ ಕಾರಿಗೆ ಹಾಕಿ ಉಳಿದ ದುಬಾರಿ ಎಣ್ಣೆಯನ್ನು ಪುಕ್ಕಟೆ ಸಿಕ್ಕಿತಲ್ಲ ಅಂತ ನನ್ನ ಬೈಕಿಗೆ ಸುರಿದೆ. ದುಬಾರಿ ಅಂದ ಮೇಲೆ ಒಳ್ಳೆಯದೇ ಇರಬೇಕು ಅಂದುಕೊಂಡಿದ್ದೆ. ಕೆಲವೇ ದಿನಗಳಲ್ಲಿ ಏರು ಹತ್ತುವಾಗ ಎಂಜಿನ್ ಕಿರುಚುತ್ತೆ, ಗಾಡಿ ಮುಂದೆ ಹೋಗಲ್ಲ. ಕ್ಲಚ್ ಜಾರುತ್ತಿತ್ತು. ಕಾರಿನ ಕ್ಲಚ್ಚು ಒಣಗಿದ ಜಾಗದಲ್ಲಿ, ಎಂಜಿನ್ ಎಣ್ಣೆಗೆ ದೂರವಾಗಿ ಇರುತ್ತೆ. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಎಣ್ಣೆ. ಎಂಜಿನ್‌ಗೆ ಘರ್ಷಣೆ ಕಡಿಮೆ ಆಗಬೇಕು, ಆದರೆ ಕ್ಲಚ್ ಪ್ಲೇಟುಗಳು ಕೆಲಸ ಮಾಡುವುದೇ ಘರ್ಷಣೆಯಿಂದ! ಇಂಧನ ಉಳಿಸಲೆಂದು ಕೆಲವು ಕಾರಿನ ಎಣ್ಣೆಗಳಿಗೆ ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಕ್ಲಚ್ಚಿಗೆ ಹತ್ತಿದರೆ ಕೆಲಸ ಕೆಟ್ಟಿತು. ಹಾಗಾಗಿ ಜಪಾನಿನವರು 1998ರಲ್ಲಿ ಬೈಕಿನ ಎಣ್ಣೆಗೆಂದೇ ಬೇರೆ ಮಾನದಂಡ ತಂದರು. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಎಂಎ, ಘರ್ಷಣೆ ಇನ್ನೂ ಕಡಿಮೆ ಇರುವ ಎಂಬಿ. ಗೇರಿಲ್ಲದ ಸ್ಕೂಟರುಗಳ ಕ್ಲಚ್ಚು ಎಣ್ಣೆಯ ಹೊರಗಿರುವುದರಿಂದ ಅವುಗಳಿಗೆ ಎಂಬಿ ನಡೆಯುತ್ತದೆ. ಅವ್ವನ ಸ್ಕೂಟರಿನ ಎಣ್ಣೆ ಉಳಿದಿದೆ ಅಂತ ಅಪ್ಪನ ಬೈಕಿಗೆ ಹಾಕುವ ಮುನ್ನ ಡಬ್ಬದ ಹಿಂಬದಿ ನೋಡಿ.

ಹಾಗಾದರೆ ಕಂಪನಿ ಹೇಳಿದ್ದನ್ನೆಲ್ಲ ನಂಬಬೇಕಾ? ಇಲ್ಲಿ ಸ್ವಲ್ಪ ನಿಲ್ಲಿ. ಕಂಪನಿಗೂ ತನ್ನದೇ ಲಾಭ ಇರುತ್ತದೆ. ಹೊಸ ಗಾಡಿಯ ಜಾಹೀರಾತಿನಲ್ಲಿ ಲೀಟರಿಗೆ ಇಷ್ಟು ಕಿಲೋಮೀಟರ್ ಅಂತ ಬರುತ್ತಲ್ಲ, ಅದನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ, ತಾಪಮಾನ ಹಿಡಿತದಲ್ಲಿರುವ ಕೋಣೆಯಲ್ಲಿ, ಗಾಡಿಯನ್ನು ಉರುಳೆಗಳ ಮೇಲೆ ಓಡಿಸಿ ಅಳೆಯುತ್ತಾರೆ. ಹಾಲಿನ ಕ್ಯಾನು ಅಲ್ಲಿ ಇರುವುದಿಲ್ಲ. ತೆಳ್ಳಗಿನ ಎಣ್ಣೆಯಿಂದ ನೂರಕ್ಕೆ ಒಂದೆರಡು ಪಾಲು ಇಂಧನ ಉಳಿಯಬಹುದು. ದಿನಕ್ಕೆ ಒಂದು ಲೀಟರ್ ಪೆಟ್ರೋಲ್ ಸುಡುವವರಿಗೆ ಅದು ರೂಪಾಯಿ ಎರಡು ರೂಪಾಯಿ ಮಾತು. ಲಕ್ಷಗಟ್ಟಲೆ ಗಾಡಿ ಮಾರುವವರಿಗೆ ಅದು ದೊಡ್ಡ ಮಾತು. ಅಮೆರಿಕದಲ್ಲಿ ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಬೇಕು ಅನ್ನೋ ಕಾನೂನು 1975ರಿಂದ ಇದೆ. 2001ರ ಮಾದರಿಗಳಿಂದ ಫೋರ್ಡ್ ಮತ್ತು ಹೋಂಡಾ ಅಲ್ಲಿ 5ಡಬ್ಲ್ಯು-20 ಎಂಬ ತೆಳ್ಳಗಿನ ಎಣ್ಣೆ ಸೂಚಿಸತೊಡಗಿದ್ದಕ್ಕೆ ಆ ಮೈಲೇಜೂ ಒಂದು ಕಾರಣ. ಟೊಯೋಟಾದ ಕೆಲವು ಕೈಪಿಡಿಗಳಂತೂ ಪ್ರಾಮಾಣಿಕವಾಗಿಯೇ ಹೇಳುತ್ತವೆ: 0ಡಬ್ಲ್ಯು-20 ಮೈಲೇಜಿಗೆ ಮತ್ತು ಚಳಿಗೆ ಒಳ್ಳೆಯದು, ಹೆಚ್ಚು ವೇಗ ಅಥವಾ ವಿಪರೀತ ಭಾರ ಇದ್ದರೆ ಹೆಚ್ಚು ಸ್ನಿಗ್ಧತೆಯ ಎಣ್ಣೆ ಹೆಚ್ಚು ಒಪ್ಪಬಹುದು ಅಂತ. ಆ ಸಾಲನ್ನು ಓದುವವರು ಎಷ್ಟು ಜನ?

ಕಂಪನಿ ತಪ್ಪಿ ಬಿದ್ದದ್ದೂ ಉಂಟು. 1997ರಿಂದ 2002ರವರೆಗಿನ ಮಾದರಿಯ ಕೆಲವು ಟೊಯೋಟಾ ಎಂಜಿನ್‌ಗಳಲ್ಲಿ ಎಣ್ಣೆ ಕೆಸರಿನಂಥ ಗಸಿಯಾಗಿ ಹೆಪ್ಪುಗಟ್ಟತೊಡಗಿತು. ಮಾಲೀಕರು ಸರಿಯಾಗಿ ಎಣ್ಣೆ ಬದಲಿಸಿಲ್ಲ ಅಂತ ಕಂಪನಿ ಮೊದಲು ಹೇಳಿತು. ನಾವು ಕೈಪಿಡಿಯಂತೆಯೇ ಬದಲಿಸಿದ್ದೇವೆ ಅಂತ ಎಷ್ಟೋ ಜನ ರಸೀದಿ ತೋರಿಸಿದರು. ಕೊನೆಗೆ 2002ರಲ್ಲಿ, ಗಾಡಿ ಕೊಂಡ ದಿನದಿಂದ ಎಂಟು ವರ್ಷದವರೆಗೆ ಅಂಥ ಎಂಜಿನ್ ರಿಪೇರಿಯ ಖರ್ಚು ತಾನೇ ಹೊರುವುದಾಗಿ ಕಂಪನಿ ಒಪ್ಪಿಕೊಂಡಿತು. ಹಾಗಾಗಿ ರಸೀದಿ ಎತ್ತಿಡುವುದೂ ಒಂದು ವಿಜ್ಞಾನ ಅನ್ನುತ್ತೇನೆ ನಾನು.

ಇನ್ನು ಬ್ರ್ಯಾಂಡು. 'ನಮ್ಮ ಕಂಪನಿಯ ಹೆಸರಿನ ಎಣ್ಣೆಯನ್ನೇ ಹಾಕಿ' ಅನ್ನೋ ಮಾತನ್ನು ದರ್ಜೆಯ ಮಾತಿನಷ್ಟು ತೂಕದ್ದು ಅಂತ ನಾನು ಎಣಿಸುವುದಿಲ್ಲ. ಗಾಡಿ ಕಂಪನಿಗಳು ಸಾಮಾನ್ಯವಾಗಿ ತಾವೇ ಎಣ್ಣೆ ತಯಾರಿಸುವುದಿಲ್ಲ, ಎಣ್ಣೆ ಕಂಪನಿಯಿಂದ ಮಾಡಿಸಿ ತಮ್ಮ ಹೆಸರು ಹಾಕುತ್ತವೆ. ದರ್ಜೆ, ಜಾಸೊ ಗುರುತು, ಎಪಿಐ ಅಕ್ಷರ ಇವು ಮೂರೂ ಕೂಡಿದರೆ ಯಾವ ಒಳ್ಳೆಯ ಕಂಪನಿಯ ಡಬ್ಬವಾದರೂ ಆದೀತು. ಎಪಿಐ ಅಕ್ಷರಗಳು ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್ ಅಂತ ಮುಂದೆ ಹೋದಷ್ಟೂ ಮಾನದಂಡ ಹೊಸದು. 2020ರಲ್ಲಿ ಎಸ್‌ಪಿ ಬಂತು. ಡಬ್ಬದ ಸೀಲು ಒಡೆದಿರಬಾರದು, ಅದು ಎಲ್ಲಕ್ಕಿಂತ ಮೊದಲು.

ಈಗ ನಮ್ಮ ಹುಡುಗನ ಮನೆಗೆ ಬರೋಣ. ಅಂಟಿಕೊಂಡ ಹಾಳೆ ಬಿಡಿಸಿ ಎಣ್ಣೆಯ ಪುಟದ ಕೆಳಗಿನ ಸಣ್ಣ ಅಕ್ಷರ ಓದಿದೆವು. ಧೂಳಿನ ದಾರಿ, ಹೆಚ್ಚಿನ ಭಾರ, ಪದೇ ಪದೇ ನಿಂತು ಹೊರಡುವ ಓಡಾಟ ಇದ್ದರೆ ಹೇಳಿದ್ದಕ್ಕಿಂತ ಮೊದಲೇ ಎಣ್ಣೆ ಬದಲಿಸಿ ಅಂತಿತ್ತು. ಮನೆ ಮನೆ ಮುಂದೆ ನಿಲ್ಲುವ ಹಾಲಿನ ಗಾಡಿಗೆ ಮೂರೂ ಇವೆ! ಇನ್ನೊಂದು ಸಾಲು: ಎಣ್ಣೆಯ ಮಟ್ಟವನ್ನು ಆಗಾಗ ಕಡ್ಡಿ ಎದ್ದಿ ನೋಡಿ, ಕಡಿಮೆ ಇದ್ದರೆ ತುಂಬಿಸಿ.

"ಕಡ್ಡಿ ನೋಡ್ತೀರೇನ್ರಿ?" ಅಂತ ಅವನ ಅಪ್ಪನನ್ನು ಕೇಳಿದೆ. "ಇಲ್ರಿ ಸರ. ಬದಲಿ ಮಾಡೂ ಟೈಮಿಗೆ ಮಿಸ್ತ್ರಿ ಹಾಕ್ತಾನ, ಮತ್ತ ಯಾಕ ನೋಡಬೇಕ್ರಿ?" ಅಂದರು.

ಮುಂದಿನ ಸಲ ಎಣ್ಣೆ ಬದಲಿಸುವ ದಿನ ಮಿಸ್ತ್ರಿಯ ಒಪ್ಪಿಗೆ ಪಡೆದು ನಾವು ಪ್ರಯೋಗಾಲಯದ ಅಳತೆ ಜಾಡಿ ತಗೊಂಡು ಗ್ಯಾರೇಜಿಗೆ ಹೋದೆವು. ಎಂಜಿನ್ ಬೆಚ್ಚಗೆ ಮಾಡಿ, ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಕೆಳಗಿನ ನಟ್ ಬಿಚ್ಚಿದರು. ಹಾಕಿದ್ದು 900 ಮಿಲಿಲೀಟರ್. ಕೊನೆಯ ಹನಿ ಬೀಳುವವರೆಗೂ ಕಾದೆವು. ಬಂದದ್ದು 560. ಹುಡುಗ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎರಡು ಸಲ ಓದಿದ. ಮಿಸ್ತ್ರಿ ಮಾತಾಡದೆ ಜಾಡಿ ಇಸಕೊಂಡು ತಾವೂ ಒಮ್ಮೆ ನೋಡಿದರು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಎಣ್ಣೆ ಹೋಗಿ, ಉಳಿದ ಅಷ್ಟರಲ್ಲೇ ಗಾಡಿ ಕ್ಯಾನು ಹೊತ್ತು ಓಡುತ್ತಿತ್ತು. ಹಿಂದಿನ ಬೇಸಿಗೆಯ ಜಾಮಿಗೂ ಬಹುಶಃ ಇದೇ ಕಾರಣ. ಎಣ್ಣೆಯೇ ಇಲ್ಲದ ಜಾಗದಲ್ಲಿ 30 ಆದರೇನು, 40 ಆದರೇನು?

"ಹಂಗಾರ ಪುಸ್ತಕದ್ದ ಹಾಕೂಣ್ರಿ" ಅಂದರು ಮಿಸ್ತ್ರಿ. "ಆದರ ಪುಸ್ತಕ ಹೇಳಿದ ಅರ್ಧ ಕಿಲೋಮೀಟರಿಗೆ ಬದಲಿ. ಎಂಟ ದಿನಕ್ಕೊಮ್ಮಿ ಕಡ್ಡಿ ನೋಡೂದು ಈ ಹುಡುಗನ ಕೆಲಸ." ಹಳೆಯ ಎಣ್ಣೆಯನ್ನು ಅವರು ಡ್ರಮ್ಮಿಗೆ ಸುರಿದರು, ಅದನ್ನು ಕೊಂಡೊಯ್ಯುವವರು ಬರುತ್ತಾರಂತೆ. ನೀವೂ ಅದನ್ನು ಚರಂಡಿಗೋ ಬಾವಿಯ ಬದಿಗೋ ಚೆಲ್ಲಲು ಬಿಡಬೇಡಿ. ಸುಟ್ಟ ಎಣ್ಣೆ ಚರ್ಮಕ್ಕೂ ಒಳ್ಳೆಯದಲ್ಲ, ಕೈಗೆ ಹತ್ತಿದರೆ ಸಾಬೂನಿನಿಂದ ತಿಕ್ಕಿ ತೊಳೆಯಿರಿ.

ಈಗ ಆ ಹುಡುಗನ ವಿಜ್ಞಾನದ ನೋಟುಬುಕ್ಕಿನ ಕೊನೆಯ ಪುಟದಲ್ಲಿ ನಾಲ್ಕು ಕಾಲಂ ಇವೆ: ತಾರೀಖು, ಕಿಲೋಮೀಟರ್, ಕಡ್ಡಿಯ ಮೇಲಿನ ಗುರುತು, ತುಂಬಿಸಿದ ಎಣ್ಣೆ. ನಿಮ್ಮ ಗಾಡಿಯ ಕಡ್ಡಿಯನ್ನು ತಿರುಗಿಸಿ ಕೂರಿಸಿ ನೋಡಬೇಕೋ, ಸುಮ್ಮನೆ ಇಟ್ಟು ನೋಡಬೇಕೋ ಅನ್ನೋದು ಕೈಪಿಡಿಯಲ್ಲಿರುತ್ತೆ, ಅದನ್ನು ಓದಿಯೇ ಶುರು ಮಾಡಿ. ಮೊನ್ನೆ ಅವನು ಪುಟ ತೋರಿಸಲು ಬಂದಾಗ ಇನ್ನೊಂದು ಪ್ರಶ್ನೆ ತಂದಿದ್ದ: "ಸರ್, ನೆಲಕ್ಕ ಒಂದ ಹನೀನೂ ಸೋರಿಲ್ಲ. ಹಂಗಾರ ಆ 340 ಮಿಲಿ ಎಣ್ಣಿ ಎಲ್ಲಿ ಹೋತ್ರಿ?"

ನಾಳೆ ಮುಂಜಾನೆ ಗಾಡಿ ಚಾಲೂ ಮಾಡುವಾಗ ಸೈಲೆನ್ಸರಿನ ಹೊಗೆಯ ಬಣ್ಣ ನೋಡಿಕೊಂಡು ಬಾ ಅಂದಿದ್ದೇನೆ.